ಪ್ಲಗ್ ಕೀಳಲು ಹೇಳಿದ ದನಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಸುಮ್ಮನೆ ಕುಳಿತು ಕೇಳಿದವನಲ್ಲ. ನಡುವೆಯೇ ತಡೆದು, ‘ಅದಕ್ಕೆ ಕಾರಣ ಇಂಥದ್ದು’ ಎಂದು ಹೇಳಿಬಿಡುತ್ತಿದ್ದೆ. ನನ್ನ ಕಸುಬೇ ಹಾಗೆ ಕಲಿಸಿತ್ತು. ಮಡಿಕೇರಿಯಲ್ಲಿ ಟಿವಿ, ಇನ್ವರ್ಟರ್, ಫ್ರಿಜ್ಜುಗಳ ಬೋರ್ಡು ರಿಪೇರಿ ಮಾಡುವ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿದೆ. ಗಂಡ ತೀರಿಹೋದ ಮೇಲೆ ಅವರ ರೇಡಿಯೋ ತನ್ನಷ್ಟಕ್ಕೆ ಹಾಡುತ್ತದೆ ಎಂದು ಒಬ್ಬ ಹೆಂಗಸು ಸೆರಗಿನಲ್ಲಿ ಸುತ್ತಿ ತಂದುಕೊಟ್ಟಿದ್ದರು. ಬಿಚ್ಚಿ ನೋಡಿದರೆ ಸ್ವಿಚ್ಚಿನ ಬೆಸುಗೆ ಬಿಟ್ಟಿತ್ತು. ಬೆಸುಗೆ ಹಾಕಿ ಕೊಟ್ಟೆ, ರೇಡಿಯೋ ಸುಮ್ಮನಾಯಿತು. ಸರಿಮಾಡಿಕೊಟ್ಟದ್ದಕ್ಕೆ ಆಕೆಗೆ ಸಂತೋಷವಾಗಲಿಲ್ಲ ಏಕೆ ಎಂದು ಆಗ ನನಗೆ ತಿಳಿಯಲಿಲ್ಲ.

ಈಗ ನಾನು ಹೇಳುವುದನ್ನು ಕೇಳಿ ನೀವೂ ನನ್ನನ್ನು ತಡೆಯಬಹುದು. ನಿಮ್ಮಲ್ಲಿ ಕಾರಣವಿದ್ದರೆ ಅದು ನನಗೂ ಬೇಕಾಗಿದೆ.

ಗಾಳಿಬೀಡಿನಲ್ಲಿ ರಸ್ತೆ ಬಿಟ್ಟು ಮೇಲೆ ಹತ್ತಿದರೆ ದಿಣ್ಣೆಯ ತುದಿಯಲ್ಲಿ ಕುಶಾಲಪ್ಪನವರ ಮನೆ. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ಖಾಸಗಿ ಬಸ್ಸನ್ನು ಹದಿನೆಂಟು ವರ್ಷ ಓಡಿಸಿದ ಡ್ರೈವರ್ ಅವರು. ಕೊರೊನಾ ಬಂದು ಹೋದ ಮೇಲೆ ಶ್ವಾಸಕೋಶ ಗಟ್ಟಿಯಾಗಿ, ಐವತ್ತು ತುಂಬುವ ಮೊದಲೇ ಮಂಚ ಹಿಡಿದರು. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಒಂದು ಯಂತ್ರ, ಅದರಿಂದ ಮೂಗಿಗೆ ಒಂದು ಸಣ್ಣ ಕೊಳವೆ. ಹಗಲೂ ರಾತ್ರಿ ಅದು ಓಡುತ್ತಿರಬೇಕು. ಆ ಮನೆಯಲ್ಲಿ ಅದನ್ನು ‘ಮಷಿನ್’ ಎಂದಷ್ಟೇ ಕರೆಯುತ್ತಿದ್ದರು. ಅವರ ಹೆಂಡತಿ ದಮಯಂತಿ ಕೆಳಗಿನ ಅಂಗನವಾಡಿಯಲ್ಲಿ ಟೀಚರ್. ಮಕ್ಕಳಿಲ್ಲ.

ಆ ಮನೆಯ ಹಿಂದೆ ಒಂದು ಸಿಲ್ವರ್ ಓಕ್ ಮರ. ಸುತ್ತಲಿನ ಎಲ್ಲಕ್ಕಿಂತ ಎತ್ತರ. ಅವರು ಮಂಚ ಹಿಡಿದ ಮೊದಲ ವರ್ಷ, ಕಾಫಿ ಗಿಡ ಹೂಬಿಡಿಸುವ ಹೂಮಳೆಯ ಹೊತ್ತಿಗೆ ಅದಕ್ಕೆ ಸಿಡಿಲು ಬಡಿದು ಟಿವಿ, ಮಿಕ್ಸಿ, ಇಂಟರ್‌ನೆಟ್ಟಿನ ಡಬ್ಬಿ ಹೋದವು. ಅದಾದರೂ ಹೋಗಲಿ. ಮರುವರ್ಷ ಬಡಿದಾಗ ಮಷಿನ್ನೇ ಸುಟ್ಟಿತು. ಮಡಿಕೇರಿಯಿಂದ ಇನ್ನೊಂದು ಮಷಿನ್ ತರಿಸುವವರೆಗೆ ಕುಶಾಲಪ್ಪನವರು ಮೂರು ಗಂಟೆ ಒಂದೇ ಆಮ್ಲಜನಕದ ಸಿಲಿಂಡರಿನ ಮೇಲೆ ಇದ್ದರು. ಮಷಿನ್ ಬಂದಾಗ ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಮೇಲಿತ್ತಂತೆ. ಮರುದಿನ ದಮಯಂತಿ ನನ್ನ ಅಂಗಡಿಗೆ ಬಂದರು. ಸುಟ್ಟ ಬೋರ್ಡನ್ನು ಮೇಜಿನ ಮೇಲಿಟ್ಟು, “ಇದನ್ನು ಸರಿ ಮಾಡ್ಲಿಕ್ಕೆ ಹೇಳ್ಲಿಕ್ಕೆ ಬಂದದ್ದಲ್ಲ ಅಣ್ಣ. ಇನ್ನೊಂದು ಸಲ ಹೀಗೆ ಆಗದ ಹಾಗೆ ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?” ಎಂದರು.

ಮಾಡಿದೆ. ಮಲಗುವ ಕೋಣೆಯ ಕಿಟಕಿಯ ಹೊರಗೆ ಆಳುದ್ದ ಗುಂಡಿ ತೋಡಿಸಿ, ತಾಮ್ರದ ತಗಡು ಇಳಿಸಿ, ಇದ್ದಿಲು ಉಪ್ಪು ತುಂಬಿ ಹೊಸ ಅರ್ಥಿಂಗ್ ಹಾಕಿದೆ. ಮೈನ್ ಬೋರ್ಡಿನಲ್ಲಿ ಸಿಡಿಲಿನ ಏಟನ್ನು ನೆಲಕ್ಕೆ ಇಳಿಸುವ ಸರ್ಜ್ ಪ್ರೊಟೆಕ್ಟರ್ ಕೂರಿಸಿದೆ. ಮಷಿನ್ನಿನ ಸಾಕೆಟ್ಟಿಗೆ ಅಂಥದ್ದೇ ಇನ್ನೊಂದು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದೆ: ಇಷ್ಟೆಲ್ಲ ಇದ್ದರೂ ಗುಡುಗು ಕೇಳಿದ ಕೂಡಲೇ ಸಿಲಿಂಡರಿಗೆ ಬದಲಿಸಿ ಮಷಿನ್ನಿನ ಪ್ಲಗ್ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಮುಗಿಲಿನಿಂದ ನೆಲಕ್ಕೆ ಹಾರಿ ಬರುವುದಕ್ಕೆ ಸ್ವಿಚ್ಚಿನೊಳಗಿನ ಕೂದಲೆಳೆಯಷ್ಟು ಸಂದು ಯಾವ ಲೆಕ್ಕ?

ಒಂದು ಕೆಲಸ ಮಾತ್ರ ಬಾಕಿ ಬಿಟ್ಟೆ. ಅಡುಗೆಮನೆಯನ್ನು ಆಮೇಲೆ ಕಟ್ಟಿದ್ದು. ಅದರ ವೈರು ಮೀಟರಿನಿಂದಲೇ ಬೇರೆಯಾಗಿ, ಆ ಮರದ ಪಕ್ಕದಲ್ಲೇ ಹೋಗುತ್ತಿತ್ತು. ಹೊಸ ಬೋರ್ಡಿಗೆ ಅದರ ಸಂಬಂಧವೇ ಇರಲಿಲ್ಲ. ಅಲ್ಲಿರುವುದು ಒಂದು ಬಲ್ಬು, ಒಂದು ಮಿಕ್ಸಿ. ಮುಂದೆ ಯಾವಾಗಲಾದರೂ ಸೇರಿಸಿದರಾಯಿತು ಎಂದುಕೊಂಡೆ. ಅವರಿಗೂ ಹಾಗೆಯೇ ಹೇಳಿದೆ.

ನಡೆದದ್ದು ಅದರ ಮುಂದಿನ ವರ್ಷದ ಏಪ್ರಿಲ್ಲಿನಲ್ಲಿ. ಮಳೆ ಶುರುವಾಗುವ ಮುಂಚೆ ಒಮ್ಮೆ ಅರ್ಥಿಂಗ್ ಗುಂಡಿಗೆ ನೀರು ಹೊಯ್ದು, ಕ್ಲಾಂಪ್ ಬಿಗಿ ಮಾಡಿ ಬರೋಣವೆಂದು, ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿ, ಹೋಗಿದ್ದೆ. ಹನ್ನೊಂದೂವರೆಯ ಹೊತ್ತು. ಅಂಗಳದಲ್ಲಿ ಚುರುಚುರು ಬಿಸಿಲು. ದೂರದಲ್ಲಿ, ಕೋಟೆಬೆಟ್ಟದ ಕಡೆ ಮಾತ್ರ ಕಪ್ಪು ಮೋಡ ಒಂದು ಗುಡ್ಡದ ಹಾಗೆ ನಿಂತಿತ್ತು. ಗುಡುಗಿರಲಿಲ್ಲ. ಇದನ್ನು ನಾನು ಎಷ್ಟೋ ಸಲ ನೆನಪಿಸಿಕೊಂಡು ನೋಡಿದ್ದೇನೆ, ಗುಡುಗಿರಲಿಲ್ಲ.

ಮುಂಬಾಗಿಲು ಓರೆಯಾಗಿತ್ತು. ಹೊಸ್ತಿಲಲ್ಲೇ ನಿಂತು, “ಕುಶಾಲಣ್ಣ, ನಾನು. ಗುಂಡಿ ನೋಡಿ ಹೋಗ್ತೀನಿ,” ಎಂದೆ. ಒಳಗಿನಿಂದ “ಆಗ್ಲಿ, ಆಗ್ಲಿ,” ಎಂದು ಕೇಳಿಸಿತು. ಉಸಿರು ಉಳಿಸಿಕೊಳ್ಳಲು ಅವರು ಮಾತು ಕಡಿಮೆ ಮಾಡಿದ್ದರು. ನಾನು ಒಳಗೆ ಹೋಗಲಿಲ್ಲ. ಟೀಚರ್ ಅಂಗನವಾಡಿಗೆ ಹೋಗಿರುತ್ತಾರೆ ಎಂದು ಗೊತ್ತಿತ್ತು, ಕೇಳಲೂ ಇಲ್ಲ. ಮನೆ ಬಳಸಿಕೊಂಡು ಕಿಟಕಿಯ ಕಡೆಗೆ ಹೋದೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೈನ್ ಆರಿಸದೆ ಅರ್ಥಿಂಗ್ ಮುಟ್ಟಬಾರದು ಎಂದು ನನ್ನ ಹತ್ತಿರ ಕೆಲಸ ಕಲಿಯಲು ಬಂದವರಿಗೆಲ್ಲ ಹೇಳಿದವನು ನಾನು. ಆದರೆ ಮೈನ್ ಆರಿಸಿದರೆ ಮಷಿನ್ ನಿಲ್ಲುತ್ತದೆ. ಎರಡು ನಿಮಿಷದ ಕೆಲಸಕ್ಕೆ ರೋಗಿಯನ್ನು ಸಿಲಿಂಡರಿಗೆ ಯಾಕೆ ಹಾಕಬೇಕು ಎಂದು ಹಾಗೆಯೇ ಕುಕ್ಕರುಗಾಲಲ್ಲಿ ಕುಳಿತೆ. ಮೊದಲು ನೀರು ಹೊಯ್ದೆ. ಮಣ್ಣು ಗಟಗಟ ಕುಡಿಯಿತು. ಸ್ಪ್ಯಾನರ್ ತೆಗೆದುಕೊಂಡು ಗುಂಡಿಯಿಂದ ಮನೆಗೆ ಹೋಗುವ ತಾಮ್ರದ ಪಟ್ಟಿಯನ್ನು ಎಡಗೈಯಲ್ಲಿ ಹಿಡಿದೆ. ಬರಿಗೈ.

ಆಗ ಅಡುಗೆಮನೆಯ ಕಡೆಯಿಂದ ದಮಯಂತಿ ಟೀಚರ್ ಮಾತಾಡಿದರು.

“ಅಣ್ಣ, ಅದನ್ನು ಬಿಟ್ಟು ಒಳಗೆ ಬನ್ನಿ. ಮಷಿನ್ ನೀವು ಹಾಕಿದ ಸಾಕೆಟ್ಟಲ್ಲಿ ಇಲ್ಲ. ಅಡುಗೆಮನೆದರಲ್ಲಿ ಉಂಟು. ಅಲ್ಲಿಂದ ಕೀಳಿ.”

ಇಷ್ಟೇ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಿವಿಯಲ್ಲಿ ಪಿಸುಗುಟ್ಟಿದ ಹಾಗೆಯೂ ಅಲ್ಲ, ಆಕಾಶದಿಂದ ಬಂದ ಹಾಗೆಯೂ ಅಲ್ಲ. ಹತ್ತು ಹನ್ನೆರಡು ಅಡಿ ಆಚೆ, ಅಡುಗೆಮನೆಯ ಕಿಟಕಿಯೊಳಗೆ ನಿಂತ ಒಬ್ಬ ಹೆಂಗಸು ಹೊರಗಿರುವವನಿಗೆ ಹೇಳಿದರೆ ಹೇಗೆ ಕೇಳಿಸುತ್ತದೋ ಹಾಗೆ. ಟೀಚರ್ ಬೇಗ ಬಂದಿದ್ದಾರೆ ಎಂದುಕೊಂಡೆ. “ಆಯ್ತು ಟೀಚರ್,” ಎಂದೆ. ಸ್ಪ್ಯಾನರನ್ನು ಅಲ್ಲೇ ಇಟ್ಟು ಎದ್ದೆ.

ಎದ್ದು ನಿಂತಾಗ ಹೆದರಿಕೆಯೇನೂ ಆಗಲಿಲ್ಲ. ಸಿಟ್ಟು ಬಂತು. ಅಷ್ಟು ಹೇಳಿದ್ದರೂ ಅಡುಗೆಮನೆಯ ಸಾಕೆಟ್ಟಿಗೆ ಯಾಕೆ ಹಾಕಿದರು? ಅದನ್ನು ಕೇಳಿಯೇ ಬಿಡುತ್ತೇನೆ ಎಂದು ಬಿರುಬಿರನೆ ಮನೆ ಬಳಸಿ ಮುಂಬಾಗಿಲಿನಿಂದ ಒಳಗೆ ಹೋದೆ. ನಡುಮನೆಯ ನೆಲದ ಮೇಲೆ ಬಿಳಿಯ ವೈರೊಂದು ಮಲಗುವ ಕೋಣೆಯ ಬಾಗಿಲ ಸಂದಿನಿಂದ ಬಂದು ಅಡುಗೆಮನೆಗೆ ಹೋಗಿತ್ತು. ಎಕ್ಸ್‌ಟೆನ್ಷನ್. ಅದನ್ನೇ ಹಿಡಿದು ಹೋದೆ. ಮಿಕ್ಸಿಯ ಸಾಕೆಟ್ಟಿನಲ್ಲಿ ಅದರ ಪ್ಲಗ್ ಇತ್ತು.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಹಿಂದೆ ಬಚ್ಚಲಿಗೆ ಹೋಗಿರಬೇಕು ಎಂದುಕೊಂಡೆ. “ಟೀಚರ್, ಸಿಲಿಂಡರ್ ಕೀ ಎಲ್ಲಿ?” ಎಂದು ಕೂಗಿದೆ. ಉತ್ತರವಿಲ್ಲ. ಕೀಲಿ ಸಿಲಿಂಡರಿನ ಕುತ್ತಿಗೆಗೇ ದಾರದಲ್ಲಿ ಕಟ್ಟಿರುವುದು ಆಮೇಲೆ ನೆನಪಾಯಿತು. ನಾನೇ ಕಟ್ಟಿದ್ದು.

ಕೋಣೆಗೆ ಹೋದೆ. ಕುಶಾಲಣ್ಣ ದಿಂಬಿಗೆ ಒರಗಿ ಕುಳಿತಿದ್ದರು. ನನ್ನನ್ನು ನೋಡಿ ಹುಬ್ಬು ಏರಿಸಿದರು. “ಒಂದು ನಿಮಿಷ ಸಿಲಿಂಡರಿಗೆ ಹಾಕ್ತೀನಣ್ಣ,” ಎಂದು ಹೇಳಿ ಕೀಲಿ ತಿರುಗಿಸಿದೆ. ಮುಳ್ಳು ಏರಿತು. ಮಷಿನ್ನಿನಿಂದ ಕೊಳವೆ ಬಿಡಿಸಿ ಸಿಲಿಂಡರಿಗೆ ಸಿಕ್ಕಿಸಿದೆ. ಅವಸರದಲ್ಲಿ ಎರಡು ಸಲ ತಪ್ಪಿತು. ಆಮೇಲೆ ಅಡುಗೆಮನೆಗೆ ಓಡಿದೆ. ನಿಜವಾಗಿ ಓಡಿದೆ. ಯಾಕೆ ಓಡಿದೆನೋ ಗೊತ್ತಿಲ್ಲ, ಆಗಲೂ ಹೊರಗೆ ಬಿಸಿಲೇ ಇತ್ತು. ಪ್ಲಗ್ ಕಿತ್ತು ವೈರನ್ನು ನಡುಮನೆಗೆ ಎಳೆದು ಬಿಸಾಡಿದೆ. ಕರೆಂಟು ಹೋದದ್ದಕ್ಕೆ ಮಷಿನ್ ಕೂಗತೊಡಗಿತು.

ಆ ಕೂಗನ್ನು ನಿಲ್ಲಿಸೋಣವೆಂದು ಕೋಣೆಯ ಹೊಸ್ತಿಲಿಗೆ ಬಂದಿದ್ದೆ. ಮುಂಗೈಯ ಕೂದಲೆಲ್ಲ ಎದ್ದು ನಿಂತವು. ಮನೆಯೊಳಗಿನ ಬಣ್ಣವೇ ಹೋಯಿತು. ಗೋಡೆ, ಮಂಚ, ಕುಶಾಲಣ್ಣನ ಮುಖ, ಎಲ್ಲ ಸುಣ್ಣ. ಸದ್ದು ಕೇಳಿಸಿತು ಎಂದು ಹೇಳಲಾರೆ, ಅದು ಎದೆಗೆ ಗುದ್ದಿತು. ನಾನು ಬಾಗಿಲ ಚೌಕಟ್ಟಿಗೆ ಬಿದ್ದೆ.

ಕಣ್ಣಿಗೆ ಮತ್ತೆ ಕಾಣಿಸಲು ಶುರುವಾದಾಗ ಮೊದಲು ನೋಡಿದ್ದು ಕುಶಾಲಣ್ಣನ ಮೂಗಿನ ಕೊಳವೆಯನ್ನು. ಅದು ಅಲ್ಲೇ ಇತ್ತು. ಅವರ ಎದೆ ಏರಿಳಿಯುತ್ತಿತ್ತು. ಸುಟ್ಟ ರಬ್ಬರಿನ ವಾಸನೆ ತುಂಬಿತ್ತು. ಅಡುಗೆಮನೆಯಲ್ಲಿ ಮಿಕ್ಸಿಯ ಸಾಕೆಟ್ಟು ಗೋಡೆಯಿಂದ ಕಿತ್ತು ಎದುರಿನ ಗೋಡೆಗೆ ಹೊಡೆದು ಬಿದ್ದಿತ್ತು. ಅದಿದ್ದ ಜಾಗದಲ್ಲಿ ಅಂಗೈಯಷ್ಟು ಕಪ್ಪು ತೂತು. ವೈರು ಹೋದ ದಾರಿಯುದ್ದಕ್ಕೂ ಗಾರೆ ಸೀಳಿತ್ತು. ಹೊರಗೆ ಮರದಿಂದ ಹೊಗೆ ಏಳುತ್ತಿತ್ತು. ಗುಂಡಿಯ ಹತ್ತಿರ ಹೋಗಿ ನೋಡಿದೆ. ನಾನು ಕುಳಿತಿದ್ದ ಕಡೆ ನೆಲ ಬಿರುಕು ಬಿಟ್ಟಿತ್ತು. ನಾನಿಟ್ಟ ಸ್ಪ್ಯಾನರು ಪಟ್ಟಿಗೆ ಬೆಸೆದುಕೊಂಡಿತ್ತು.

 ಒಳಗೆ ಬಂದು ಕುಶಾಲಣ್ಣನ ಮಂಚದ ಪಕ್ಕ ನೆಲದ ಮೇಲೆ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ, “ಟೀಚರ್ ಎಲ್ಲಿ ಹೋದ್ರು? ಹೆದರಿರ್ತಾರೆ,” ಎಂದೆ.

ಕುಶಾಲಣ್ಣ ನನ್ನನ್ನೇ ನೋಡಿದರು. “ಅವಳು ಅಂಗನವಾಡೀಲಿ ಅಲ್ವಾ,” ಎಂದರು. “ಒಂದು ಗಂಟೆ ಆಗ್ತದೆ ಬರ್ಲಿಕ್ಕೆ.”

“ಈಗ ಅಡುಗೆಮನೆಯಿಂದ ಮಾತಾಡಿದ್ರಲ್ಲ.”

ಅವರು ಉಸಿರು ತೆಗೆದುಕೊಂಡು ನಿಧಾನವಾಗಿ ಹೇಳಿದರು: “ನೀವು ಮಾತಾಡಿದ್ದು ಕೇಳಿತು. ‘ಆಯ್ತು ಟೀಚರ್’ ಅಂದ್ರಿ ಕಿಟಕಿ ಹೊರಗೆ. ಯಾರಿಗೆ ಹೇಳ್ತಿದ್ದಾರೆ ಅಂತ ನಾನೂ ನೋಡ್ತಿದ್ದೆ. ಬೇರೆ ಯಾರೂ ಮಾತಾಡ್ಲಿಲ್ಲ.”

ಎದ್ದು ಹೋಗಿ ನೋಡಿದೆ. ಅಡುಗೆಮನೆಯ ಹಿಂಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ಮುಂಬಾಗಿಲಿನಿಂದ ಒಳಗೆ ಬಂದವನು ನಾನೇ, ಎದುರಿಗೆ ಯಾರೂ ಹೊರಗೆ ಹೋಗಿರಲಿಲ್ಲ. ಬಚ್ಚಲು ಖಾಲಿ. ಮಲಗುವ ಕೋಣೆಯೊಂದು ಬಿಟ್ಟರೆ ಇನ್ನೊಂದು ಕೋಣೆ ಆ ಮನೆಯಲ್ಲಿಲ್ಲ.

ದಮಯಂತಿ ಟೀಚರ್ ದಿಣ್ಣೆ ಹತ್ತಿ ಓಡಿಬಂದಾಗ ದಪ್ಪ ಹನಿ ಶುರುವಾಗಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮರದ ಹೊಗೆಯನ್ನು ಕೆಳಗಿನಿಂದಲೇ ಕಂಡಿದ್ದರು. ನನ್ನನ್ನು ನೋಡಲೇ ಇಲ್ಲ, ಸೀದಾ ಕೋಣೆಗೆ ಹೋಗಿ ಗಂಡನ ತುಟಿಯ ಬಣ್ಣ ನೋಡಿದರು, ಬೆರಳಿನ ಉಗುರು ನೋಡಿದರು, ಸಿಲಿಂಡರಿನ ಮುಳ್ಳು ನೋಡಿದರು. ಆಮೇಲೆ ಮಂಚದ ಕಾಲು ಹಿಡಿದುಕೊಂಡು ಕುಳಿತರು. ಇಬ್ಬರೂ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಏನೋ ಮಾತಾಡಿಕೊಂಡರು. ಸೋಮವಾರಪೇಟೆ ಕಡೆಯವನಾದ ನನಗೆ ಅದು ಅರ್ಧ ಮಾತ್ರ ತಿಳಿಯುತ್ತದೆ. ನಡುವೆ ನನ್ನ ಹೆಸರು ಬಂತು. ಟೀಚರ್ ತಿರುಗಿ ನೋಡಿದರು.

“ಸಾಕೆಟ್ ಬದಲಿಸಿದ್ದು ನಿಮಗೆ ಹೇಗೆ ಗೊತ್ತಾಯ್ತು ಅಣ್ಣ? ಬೆಳಿಗ್ಗೆ ನೀವು ಹಾಕಿದ ಸಾಕೆಟ್ಟಿನ ಸ್ವಿಚ್ಚಲ್ಲಿ ಕಿಡಿ ಬರ್ತಿತ್ತು. ಅದಕ್ಕೆ ಅಡುಗೆಮನೆದಕ್ಕೆ ಹಾಕಿದೆ. ನೀವು ಬಂದ ಕೂಡ್ಲೇ ಹೇಳಿ ಅಂತ ಇವರಿಗೆ ಹೇಳಿ ಹೋಗಿದ್ದೆ.”

“ನಾನು ಮರೆತೆ,” ಎಂದರು ಕುಶಾಲಣ್ಣ.

ನಡೆದದ್ದನ್ನು ನಾನು ಇದ್ದ ಹಾಗೆ ಹೇಳಿದೆ. ಅವರು ನಂಬಬಹುದು, ಇಲ್ಲವೇ ನನಗೆ ತಲೆ ಕೆಟ್ಟಿದೆ ಎನ್ನಬಹುದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಟೀಚರ ಮುಖ ಸಣ್ಣದಾಯಿತು. “ಆ ಹೊತ್ತಿಗೆ ನಾನು ಮಕ್ಕಳಿಗೆ ಮೊಟ್ಟೆ ಸುಲಿದು ಕೊಡ್ತಿದ್ದೆ,” ಎಂದರು. “ಸತ್ಯ ಹೇಳ್ಬೇಕಂದ್ರೆ ಇವರ ನೆನಪು ಕೂಡ ಇರ್ಲಿಲ್ಲ ನಂಗೆ. ಒಂದು ಮಗು ಎಂತದೋ ಹೇಳಿ ನಗಿಸ್ತಿತ್ತು.” ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಅವರು ಹೇಳಿದ್ದು ಕೇಳಿ ನನಗೆ ಸಂಕಟವಾಯಿತು. ಮಾತು ಬದಲಿಸಿ, ಕೋಣೆಯ ಸಾಕೆಟ್ಟಿಗೆ ಹೊಸ ಸ್ವಿಚ್ಚು ಹಾಕಿಕೊಡಲು ಎದ್ದೆ. ಮಳೆ ನಿಂತು, ಗುಡುಗು ಪೂರ್ತಿ ಅಡಗಿದ ಮೇಲೆ ಅದೇ ಸಾಕೆಟ್ಟಿನಲ್ಲಿ ಮಷಿನ್ ಮತ್ತೆ ಓಡಿತು. ಅಡುಗೆಮನೆಯ ವೈರನ್ನು ಮಾರನೆಯ ದಿನ ಹೊಸ ಬೋರ್ಡಿಗೆ ಸೇರಿಸಿದೆ. ಒಂದು ವರ್ಷ ಮೊದಲೇ ಆಗಬೇಕಿದ್ದ ಕೆಲಸ.

ಆಮೇಲೆ ನಾನು ಸುಮ್ಮನಿದ್ದೆ ಎಂದುಕೊಳ್ಳಬೇಡಿ. ನನ್ನ ಅಭ್ಯಾಸದಂತೆ ಕಾರಣ ಹುಡುಕಿದೆ. ಬಿಸಿಲಿರುವ ಕಡೆಗೂ ದೂರದ ಮೋಡದಿಂದ ಸಿಡಿಲು ಬಂದು ಬೀಳುವುದುಂಟು, ಅದರಲ್ಲಿ ವಿಚಿತ್ರವೇನೂ ಇಲ್ಲ. ಮೋಡದ ವಿದ್ಯುತ್ತು ನೆಲದ ಮೇಲೆ ಏರುವಾಗ ಮೈ ಜುಮ್ಮೆನ್ನುತ್ತದೆ, ಅದೂ ಗೊತ್ತಿರುವುದೇ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಪರಿಚಯದವರೊಬ್ಬರು, ‘ಅಪಾಯವನ್ನು ಮೈ ಮೊದಲೇ ತಿಳಿದುಕೊಂಡಿರಬಹುದು, ಅದನ್ನು ಮನಸ್ಸು ಒಂದು ಪರಿಚಿತ ದನಿಯಾಗಿ ಮಾಡಿಕೊಂಡಿರಬಹುದು’ ಎಂದರು. ಒಪ್ಪೋಣ. ಆದರೆ ಮೈಗೆ ಅಡುಗೆಮನೆಯ ಸಾಕೆಟ್ಟು ಹೇಗೆ ಗೊತ್ತಾಯಿತು? ಹೊಸ್ತಿಲಲ್ಲಿ ನಿಂತಾಗ ಆ ವೈರು ಕಣ್ಣಿಗೆ ಬಿದ್ದು, ಗಮನಕ್ಕೆ ಬರದೆ ಉಳಿದಿತ್ತೇ ಎಂದು ಇನ್ನೊಂದು ದಿನ ಹೋಗಿ ಅದೇ ರೀತಿ ವೈರು ಹಾಕಿ, ಬಾಗಿಲು ಓರೆ ಮಾಡಿ, ನಿಂತು ನೋಡಿದೆ. ಕಾಣುವುದಿಲ್ಲ. ತಲೆಯನ್ನು ಪೂರ್ತಿ ಒಳಗೆ ಹಾಕಿದರೆ ಒಂದು ಗೇಣಿನಷ್ಟು ಕಾಣುತ್ತದೆ. ಅಂದು ನಾನು ತಲೆ ಒಳಗೆ ಹಾಕಿದ್ದೆನೇ? ಇಲ್ಲವೆಂದೇ ನನ್ನ ನೆನಪು. ಆದರೆ ಇಷ್ಟು ಸಲ ನೆನೆದ ಮೇಲೆ ಆ ನೆನಪನ್ನೂ ಪೂರ್ತಿ ನಂಬಲು ಧೈರ್ಯ ಸಾಲದು.

ಕುಶಾಲಣ್ಣ ಮತ್ತೆ ಎರಡು ವರ್ಷ ಇದ್ದರು. ಜನವರಿಯ ಒಂದು ಬೆಳಿಗ್ಗೆ, ಕಾಫಿ ಕುಡಿದು ಲೋಟ ಕೆಳಗಿಟ್ಟು, ಹಾಗೆಯೇ ಹೋದರು. ಮಷಿನ್ ಓಡುತ್ತಲೇ ಇತ್ತಂತೆ. ತಿಥಿ ಮುಗಿದ ಮೇಲೆ ದಮಯಂತಿ ಟೀಚರ್ ನನಗೆ ಫೋನ್ ಮಾಡಿ, ಮಷಿನ್ನನ್ನು ಅಗತ್ಯವಿದ್ದವರಿಗೆ ಕೊಡಬೇಕು, ಒಮ್ಮೆ ಪರೀಕ್ಷೆ ಮಾಡಿ ತಲುಪಿಸಿಕೊಡುತ್ತೀರಾ ಎಂದು ಕೇಳಿದರು. ಮಾದಾಪುರದ ಹತ್ತಿರ ತೋಟವೊಂದರ ಕಾರ್ಮಿಕರ ಲೈನ್‌ಮನೆಯಲ್ಲಿ ಒಬ್ಬ ಹೆಂಗಸಿಗೆ ಬೇಕಾಗಿತ್ತು. ಹೋದೆ.

ಪರೀಕ್ಷೆ ಮಾಡಿ ಮಷಿನ್ ಆರಿಸಿದಾಗ ಆ ಕೋಣೆಯಲ್ಲಿ ಇಬ್ಬರಿಗೂ ಕಿವಿ ಮುಚ್ಚಿದ ಹಾಗಾಯಿತು. ಅಷ್ಟು ವರ್ಷ ಅದರ ಸದ್ದಿಲ್ಲದೆ ಅಲ್ಲಿ ಯಾರೂ ಮಾತಾಡಿರಲಿಲ್ಲ. ನಾನು ವೈರು ಸುತ್ತಿ ಕಟ್ಟುತ್ತಿದ್ದೆ. ಟೀಚರ್ ಬಾಗಿಲಲ್ಲಿ ನಿಂತಿದ್ದರು. ಆ ದಿನದ ಮಾತನ್ನು ಎರಡು ವರ್ಷದಲ್ಲಿ ಅವರು ಒಮ್ಮೆಯೂ ಎತ್ತಿರಲಿಲ್ಲ.

“ಒಂದು ಕೇಳ್ತೇನೆ ಅಣ್ಣ. ಆ ದಿನ ನನ್ನ ದನಿ ಹೆದರಿತ್ತಾ?”

ನಾನು ಯೋಚಿಸಿದೆ. ಯೋಚಿಸಬೇಕಾಗಿರಲಿಲ್ಲ, ಅದು ಕಿವಿಯಲ್ಲಿ ಹಾಗೆಯೇ ಇತ್ತು. “ಇಲ್ಲ ಟೀಚರ್,” ಎಂದೆ. “ಒಂಚೂರೂ ಇಲ್ಲ. ಊಟಕ್ಕೆ ಬನ್ನಿ ಅಂತ ಕರೆದ ಹಾಗಿತ್ತು.”

ಅವರು ಒಳಗೆ ಬಂದರು. ಮಂಚದ ಮೇಲೆ ಮಡಿಸಿಟ್ಟ ಚಾದರದ ಅಂಚನ್ನು ಸರಿಮಾಡಿದರು.

“ಹಾಗಾದ್ರೆ ಅದು ನಾನಲ್ಲ,” ಎಂದರು. “ಆ ಮಷಿನ್ ಮನೆಗೆ ಬಂದ ಮೇಲೆ ಹೆದರಿಕೆ ಇಲ್ಲದೆ ಒಂದು ಮಾತು ಆಡ್ಲಿಲ್ಲ ನಾನು.”

ಆಮೇಲೆ ಇಬ್ಬರೂ ಸೇರಿ ಮಷಿನ್ನನ್ನು ಎತ್ತಿ ಹೊರಗೆ ತಂದು ಜೀಪಿನಲ್ಲಿಟ್ಟೆವು. ಹಾಗಾದರೆ ಆ ದನಿ ಯಾರದು ಎಂದು ಅವರು ಕೇಳಲಿಲ್ಲ. ನಾನು ಮಾತ್ರ ಈಗಲೂ ಕೇಳಿಕೊಳ್ಳುತ್ತಿದ್ದೇನೆ.